ಹಳೆ ಫೋಟೋದಲ್ಲಿರುವ ಸ್ಪಿಟ್‌ಫೈರ್ ಯಾವ ಮಾರ್ಕ್? ಒಬ್ಬ ಸ್ಟುಡಿಯೋದವನ ಲೆಕ್ಕ

ನೀರ್ಚಾಲಿನ ಹತ್ತಿರ ನನ್ನದೊಂದು ಫೋಟೋ ಸ್ಟುಡಿಯೋ ಇದೆ. ಈಗ ಪಾಸ್‌ಪೋರ್ಟ್ ಫೋಟೋ, ಲ್ಯಾಮಿನೇಷನ್, ಝೆರಾಕ್ಸ್ ಇದರಲ್ಲೇ ದಿನ ಹೋಗುತ್ತದೆ. ಮಳೆಗಾಲ ಮುಗಿದ ಮೇಲೆ ಮಾತ್ರ ನನಗಿಷ್ಟದ ಕೆಲಸ ಬರುತ್ತದೆ. ಜನ ಅಟ್ಟದ ಪೆಟ್ಟಿಗೆ ಬಿಡಿಸಿ ನೋಡುತ್ತಾರೆ, ಆಲ್ಬಮ್‌ಗೆ ಬೂಸ್ಟು ಹಿಡಿದಿರುತ್ತದೆ, ಗಾಬರಿಯಾಗಿ ನನ್ನ ಹತ್ತಿರ ತರುತ್ತಾರೆ.

ಹಾಗೆ ಒಂದು ಸಲ ಪಕ್ಕದ ಮನೆಯ ಅಕ್ಕ ಬಂದರು. ಅವರ ಮಾವ ಎರಡನೇ ಮಹಾಯುದ್ಧದ ಕಾಲದಲ್ಲಿ ವಾಯುಪಡೆಯಲ್ಲಿ ಫಿಟ್ಟರ್ ಆಗಿದ್ದವರು. ಏಳು ಫೋಟೋ. ಒಂದೊಂದೂ ಎರಡು ಬೆಂಕಿಪೆಟ್ಟಿಗೆ ಜೋಡಿಸಿದಷ್ಟೇ ದೊಡ್ಡದು. "ಇದು ಯಾವ ವಿಮಾನ ಅಂತ ಹಿಂದೆ ಬರೆದು ಕೊಡು ಮಾರಾಯ. ಬೆಂಗಳೂರಿನಿಂದ ಮಗ ಕೇಳ್ತಾ ಇದ್ದಾನೆ," ಎಂದರು. ನಾನು ಒಂದು ಫೋಟೋ ನೋಡಿದೆ. ಪ್ರೊಪೆಲ್ಲರ್‌ಗೆ ನಾಲ್ಕು ಅಲಗು. ಕೂಡಲೇ ಬಾಲ್ ಪೆನ್ ತೆಗೆದು ಹಿಂದೆ "ಸ್ಪಿಟ್‌ಫೈರ್, ಮಾರ್ಕ್ 9" ಎಂದು ಬರೆದುಬಿಟ್ಟೆ. ಎರಡು ತಪ್ಪು ಮಾಡಿದ್ದೆ. ಅದು ಮಾರ್ಕ್ 9 ಆಗಿರಲಿಲ್ಲ. ಮತ್ತೆ, ಹಳೆ ಪ್ರಿಂಟಿನ ಹಿಂದೆ ಬಾಲ್ ಪೆನ್ನಲ್ಲಿ ಬರೆಯಲೇಬಾರದು, ಒತ್ತಿದ್ದು ಮುಂದಿನ ಬದಿಗೆ ಎದ್ದು ಕಾಣುತ್ತದೆ. ನಲವತ್ತು ವರ್ಷ ಇದೇ ಕೆಲಸ ಮಾಡಿದವನು ನಾನು, ನೋಡಿ.

ಆ ತಪ್ಪಿನಿಂದ ಕಲಿತದ್ದನ್ನು ಇಲ್ಲಿ ಹೇಳುತ್ತಿದ್ದೇನೆ. ಮೊದಲು ಒಂದು ಮಾತು. ಸ್ಪಿಟ್‌ಫೈರ್ ಎಂದರೆ ಆ ಯುದ್ಧದಲ್ಲಿ ಬ್ರಿಟಿಷರು ಹಾರಿಸಿದ ಫೈಟರ್ ವಿಮಾನ. ಅದು ಮೊದಲ ಸಲ ಹಾರಿದ್ದು 1936ರ ಮಾರ್ಚ್ 5ರಂದು. ಎಲ್ಲ ಬಗೆ ಸೇರಿಸಿದರೆ 20,000ಕ್ಕೂ ಹೆಚ್ಚು ತಯಾರಾದವು. ಒಂದೊಂದು ಬಗೆಗೂ 'ಮಾರ್ಕ್' ಎಂಬ ನಂಬರ್ ಕೊಟ್ಟರು. ಆದರೆ ನಂಬರಿನ ಕ್ರಮಕ್ಕೂ ವರ್ಷದ ಕ್ರಮಕ್ಕೂ ತಾಳೆಯಾಗುವುದಿಲ್ಲ. ಮಾರ್ಕ್ 9 ಸ್ಕ್ವಾಡ್ರನ್‌ಗೆ ಬಂದದ್ದು 1942ರಲ್ಲಿ, ಮಾರ್ಕ್ 8 ಬಂದದ್ದು 1943ರಲ್ಲಿ. ಜರ್ಮನರ ಫೋಕೆ-ವುಲ್ಫ್ 190 ವಿಮಾನದ ಎದುರು ಮಾರ್ಕ್ 5 ಸೋಲತೊಡಗಿತ್ತು. ಹೊಸ ಎಂಜಿನ್‌ಗೆಂದೇ ಸರಿಯಾಗಿ ರೂಪಿಸಿದ ಮಾರ್ಕ್ 8 ತಯಾರಾಗುವವರೆಗೆ ಕಾಯಲು ಆಗಲಿಲ್ಲ. ಮಾರ್ಕ್ 5ರ ಮೈಗೇ ಹೊಸ ಎಂಜಿನ್ ಕೂರಿಸಿ ತುರ್ತಿಗೆ ಮಾಡಿದ್ದು ಮಾರ್ಕ್ 9. ತುರ್ತಿಗೆ ಮಾಡಿದ್ದೇ ಕೊನೆಗೆ 5,600ಕ್ಕೂ ಜಾಸ್ತಿ ಆಯಿತು! ಅದಕ್ಕೇ 9ನ್ನು ನೋಡಿದರೆ 5ರ ನೆನಪೂ ಆಗುತ್ತದೆ, 8ರ ನೆನಪೂ ಆಗುತ್ತದೆ.

ವಿಮಾನಕ್ಕಿಂತ ಮೊದಲು ಫೋಟೋ ನೋಡಿ

ವಿಮಾನದ ಪುಸ್ತಕ ಓದಿದವರು ಸೀದಾ ವಿಮಾನಕ್ಕೇ ಹೋಗುತ್ತಾರೆ. ಸ್ಟುಡಿಯೋದವನಾಗಿ ನಾನು ಕೇಳುವ ಮೊದಲ ಪ್ರಶ್ನೆಯೇ ಬೇರೆ. ಈ ಪ್ರಿಂಟ್ ಸರಿ ಮಗ್ಗುಲಲ್ಲಿದೆಯಾ?

ಡಾರ್ಕ್‌ರೂಮಿನಲ್ಲಿ ನೆಗೆಟಿವ್ ಉಲ್ಟಾ ಇಟ್ಟರೆ ಎಡ ಬಲ ಅದಲು ಬದಲಾಗುತ್ತದೆ. ನಾನೇ ಎಷ್ಟು ಮದುಮಕ್ಕಳಿಗೆ ಬಲಗೈಗೆ ವಾಚು ಕಟ್ಟಿಸಿದ್ದೇನೋ! ಸ್ಪಿಟ್‌ಫೈರ್ ವಿಷಯದಲ್ಲಿ ಎಡ ಬಲ ತುಂಬಾ ಮುಖ್ಯ, ಯಾಕೆಂದು ಮುಂದೆ ಹೇಳುತ್ತೇನೆ. ಫೋಟೋದಲ್ಲಿ ಅಕ್ಷರ ಇದ್ದರೆ ಪತ್ತೆ ಸುಲಭ. ಇಲ್ಲದಿದ್ದರೆ ಮನುಷ್ಯರನ್ನು ನೋಡಿ. ಗಂಡಸರ ಅಂಗಿಯಲ್ಲಿ ಎಡಬದಿಯ ಪಟ್ಟಿ ಮೇಲೆ ಬರುತ್ತದೆ. ವಾಚು ಸಾಮಾನ್ಯವಾಗಿ ಎಡಗೈಯಲ್ಲಿ. ಪೈಲಟ್ ಆದರೆ ರೆಕ್ಕೆಯ ಬ್ಯಾಡ್ಜ್ ಎಡ ಎದೆಯ ಮೇಲೆ. ಮನುಷ್ಯರೇ ಇಲ್ಲದಿದ್ದರೆ ವಿಮಾನವೂ ಹೇಳುತ್ತದೆ. ಪೈಲಟ್ ಹತ್ತುವ ಪುಟ್ಟ ಬಾಗಿಲು ಸ್ಪಿಟ್‌ಫೈರ್‌ನ ಎಡಮಗ್ಗುಲಲ್ಲಿ ಮಾತ್ರ ಇದೆ, ಕೆಳಕ್ಕೆ ಮಡಚಿಕೊಳ್ಳುತ್ತದೆ. ಗಾಳಿಯ ವೇಗ ಅಳೆಯುವ ಪಿಟೋ ಕೊಳವೆಯೂ ಎಡರೆಕ್ಕೆಯ ಕೆಳಗೇ ಇರುತ್ತದೆ. ಎಡ ಎಂದರೆ ಪೈಲಟ್ ಕೂತಾಗಿನ ಎಡ, ನೋಡುವ ನಮ್ಮದಲ್ಲ.

ಆಮೇಲೆ ಸ್ಕ್ಯಾನಿಂಗ್. ಇಂಥ ಚಿಕ್ಕ ಪ್ರಿಂಟ್‌ಗೆ ಕನಿಷ್ಠ 1200 ಡಿಪಿಐ ಇಡಿ. ಮೊಬೈಲಿನಲ್ಲಿ ಫ್ಲ್ಯಾಶ್ ಹಾಕಿ ತೆಗೆಯಬೇಡಿ. ಹಳೆ ಪ್ರಿಂಟಿನ ಕಪ್ಪು ಜಾಗದಲ್ಲಿ ಬೆಳ್ಳಿ ಮೇಲೆದ್ದು ಕನ್ನಡಿಯ ಹಾಗೆ ಹೊಳೆಯುತ್ತದೆ, ಬೇಕಾದ್ದೆಲ್ಲ ಆ ಹೊಳಪಿನಲ್ಲೇ ಮುಚ್ಚಿಹೋಗುತ್ತದೆ. ಹಿಂಬದಿಯನ್ನೂ ಸ್ಕ್ಯಾನ್ ಮಾಡಿ. ಪೆನ್ಸಿಲ್ ಬರಹ ಮಾಸಿದ್ದರೆ ಟಾರ್ಚನ್ನು ಒಂದು ಬದಿಯಿಂದ ಓರೆಯಾಗಿ ಹಿಡಿಯಿರಿ, ಒತ್ತಿದ ಗೆರೆಗಳ ನೆರಳು ಏಳುತ್ತದೆ.

ಇನ್ನೊಂದು. ಫೋಟೋವನ್ನು ತಾನಾಗಿಯೇ 'ಸ್ಪಷ್ಟ' ಮಾಡಿಕೊಡುವ ಎಐ ಆ್ಯಪ್‌ಗಳನ್ನು ಈ ಕೆಲಸಕ್ಕೆ ಮುಟ್ಟಬೇಡಿ. ತಂಗಿಯ ಮಗ ಇದೇ ಆಲ್ಬಮ್ಮಿನ ಒಂದು ಫೋಟೋವನ್ನು ಹಾಗೆ ಮಾಡಿ ತಂದ. ಮುಖ ಚಂದ ಬಂದಿತ್ತು. ಆದರೆ ಮಸುಕಾಗಿದ್ದ ಸೀರಿಯಲ್ ನಂಬರಿನ ಜಾಗದಲ್ಲಿ ಯಾವ ಭಾಷೆಯದ್ದೂ ಅಲ್ಲದ ಅಕ್ಷರ ಹುಟ್ಟಿತ್ತು, ಹೊಗೆ ಕೊಳವೆ ಆರಿದ್ದದ್ದು ಐದಾಗಿತ್ತು. "ಮಾವ, ಈಗ ಓದಲಿಕ್ಕೆ ಆಗ್ತದಲ್ವಾ?" ಎಂದು ಕೇಳಿದ. ಇಲ್ಲದ್ದನ್ನು ಏನೆಂದು ಓದುವುದು?

ಸ್ಪಿಟ್‌ಫೈರ್ ಹೌದಾ?

ಭಾರತದ ಆಲ್ಬಮ್ ಆದರೆ ಇದನ್ನು ಕೇಳಿಕೊಳ್ಳಲೇಬೇಕು. ಯುದ್ಧದ ಹೆಚ್ಚಿನ ಕಾಲ ನಮ್ಮ ಸ್ಕ್ವಾಡ್ರನ್‌ಗಳ ಫೈಟರ್ ಎಂದರೆ ಹರಿಕೇನ್. 1944ರಲ್ಲಿ ಇಂಫಾಲದಲ್ಲಿ ಅರ್ಜನ್ ಸಿಂಗ್ ಅವರ 1ನೇ ಸ್ಕ್ವಾಡ್ರನ್ ಹಾರಿಸಿದ್ದೂ ಹರಿಕೇನನ್ನೇ. ನಮ್ಮವರಲ್ಲಿ ಸ್ಪಿಟ್‌ಫೈರ್ ಮೊದಲು ಸಿಕ್ಕಿದ್ದು 8ನೇ ಸ್ಕ್ವಾಡ್ರನ್‌ಗೆ, 1944ರ ಕೊನೆಗೆ.

ಹರಿಕೇನ್‌ಗೆ ಗೂನು ಬೆನ್ನು. ಹಿಂಭಾಗಕ್ಕೆ ಬಟ್ಟೆ ಹೊದಿಸಿದ್ದರಿಂದ ಒಳಗಿನ ಪಟ್ಟಿಗಳು ಬಡಕಲು ದನದ ಎಲುಬಿನ ಹಾಗೆ ಉದ್ದಕ್ಕೆ ಕಾಣುತ್ತವೆ. ರೇಡಿಯೇಟರ್ ಹೊಟ್ಟೆಯ ನಡುವೆ ಒಂದೇ. ಚಕ್ರಗಳು ದೂರ ದೂರ. ಸ್ಪಿಟ್‌ಫೈರ್‌ನ ಚಕ್ರಗಳು ಹತ್ತಿರ ಹತ್ತಿರ ಇರುತ್ತವೆ, ಮೇಲೆತ್ತುವಾಗ ಹೊರಕ್ಕೆ ಮಡಚುತ್ತವೆ. ಮೈಯೆಲ್ಲ ನುಣುಪು ಲೋಹ.

ರೆಕ್ಕೆಯ ಕೆಳಗೆ ಬಗ್ಗಿ ನೋಡಿ

ನನ್ನನ್ನು ಕೇಳಿದರೆ ಎಲ್ಲಕ್ಕಿಂತ ಗಟ್ಟಿ ಸಾಕ್ಷಿ ಇರುವುದು ಇಲ್ಲೇ. ಮಾರ್ಕ್ 1, 2, 5 ಇವುಗಳಲ್ಲಿ ಎರಡು ರೆಕ್ಕೆಯ ಕೆಳಗೂ ಒಂದೇ ಥರ ಇಲ್ಲ. ಬಲರೆಕ್ಕೆಯ ಕೆಳಗೆ ದೊಡ್ಡ ಚೌಕ ಡಬ್ಬದಂಥ ರೇಡಿಯೇಟರ್. ಎಡರೆಕ್ಕೆಯ ಕೆಳಗೆ ಚಿಕ್ಕದೊಂದು ಆಯಿಲ್ ಕೂಲರ್. ಅದರ ಬಾಯಿ ಮಾರ್ಕ್ 1, 2ರಲ್ಲಿ ಅರ್ಧಚಂದ್ರದ ಹಾಗೆ, ಮಾರ್ಕ್ 5ರಲ್ಲಿ ಪೂರ್ತಿ ದುಂಡಗೆ. ಎದುರಿನಿಂದ ತೆಗೆದ ಫೋಟೋದಲ್ಲಿ ದೊಡ್ಡ ಡಬ್ಬ ನಿಮ್ಮ ಎಡಕ್ಕೆ ಕಾಣಬೇಕು. ಬಲಕ್ಕೆ ಕಂಡರೆ ನೆಗೆಟಿವ್ ಉಲ್ಟಾ ಆಗಿದೆ ಎಂದೇ ಅರ್ಥ.

ಮಾರ್ಕ್ 8, 9, 16ರಲ್ಲಿ ಎರಡೂ ಬದಿ ಒಂದೇ ಅಳತೆಯ ದೊಡ್ಡ ಡಬ್ಬ. ಹೊಸ ಮರ್ಲಿನ್ ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಎರಡು ಹಂತದ ಸೂಪರ್‌ಚಾರ್ಜರ್ ಇತ್ತು, ಅದರ ಬಿಸಿ ಇಳಿಸಲು ಒಂದು ರೇಡಿಯೇಟರ್ ಸಾಲದು. ಮಾರ್ಕ್ 14ರಲ್ಲೂ ಎರಡು, ಇನ್ನೂ ಆಳವಾದವು.

ತೊಂದರೆ ಏನೆಂದರೆ, ನಿಂತ ವಿಮಾನದ ಫೋಟೋದಲ್ಲಿ ಆ ಜಾಗ ನೆರಳಲ್ಲಿ ಹೋಗಿರುತ್ತದೆ, ಇಲ್ಲವೇ ಹುಲ್ಲು ಅಡ್ಡ ಬಂದಿರುತ್ತದೆ. ಸ್ಕ್ಯಾನ್ ಮಾಡಿದ ಮೇಲೆ ಕಪ್ಪು ಭಾಗವನ್ನು ಮಾತ್ರ ಸ್ವಲ್ಪ ಬೆಳಕು ಮಾಡಿ ನೋಡಿ. ಅಕ್ಕ ತಂದ ಫೋಟೋದಲ್ಲಿ ಹಾಗೆ ಮಾಡಿದಾಗ ಎಡರೆಕ್ಕೆಯ ಕೆಳಗೆ ಒಂದು ಚೌಕ ಮೂಲೆ ಎದ್ದಿತು. ಮೂಲೆ ಒಂದೇ. ಆದರೂ ಸಾಕು, ದುಂಡಗಿನ ಕೂಲರ್‌ಗೆ ಮೂಲೆ ಇರುವುದಿಲ್ಲವಲ್ಲ. ಮಾರ್ಕ್ 5 ಅಲ್ಲಿಗೇ ಹೊರಬಿತ್ತು.

ಅಲಗು ಎಣಿಸುವುದು

ಮರ್ಲಿನ್ ಎಂಜಿನ್‌ನ ಮೊದಮೊದಲ ಸ್ಪಿಟ್‌ಫೈರ್‌ಗಳಿಗೆ ಮರದ ಎರಡೇ ಅಲಗು ಇತ್ತು. ಆಮೇಲೆ ಮಾರ್ಕ್ 1, 2, 5ಕ್ಕೆ ಮೂರು. 8, 9, 16ಕ್ಕೆ ನಾಲ್ಕು. ಆಮೇಲೆ ಬಂದ, ಮರ್ಲಿನ್‌ಗಿಂತ ದೊಡ್ಡ ಗ್ರಿಫನ್ ಎಂಜಿನ್‌ನ 14, 18ಕ್ಕೆ ಐದು. ಆದರೆ ಪ್ರೊಪೆಲ್ಲರ್ ಬಿಚ್ಚಿ ಕೂರಿಸುವ ಸಾಮಾನು, ಅದೊಂದನ್ನೇ ನಂಬಿದರೆ ನನ್ನ ಗತಿ ಆಗುತ್ತದೆ. ಮಾರ್ಕ್ 12 ಎಂಬುದಕ್ಕೆ ನಾಲ್ಕು ಅಲಗು, ಗ್ರಿಫನ್ ಎಂಜಿನ್, ರೆಕ್ಕೆಯ ಕೆಳಗೆ ಮಾತ್ರ ಮಾರ್ಕ್ 5ರ ಹಾಗೆ ಒಂದು ದೊಡ್ಡದು ಒಂದು ಚಿಕ್ಕದು. ಆದರೆ ಅದು 100 ಮಾತ್ರ ತಯಾರಾದದ್ದು, ನಮ್ಮ ಆಲ್ಬಮ್‌ಗಳಿಗೆ ಬರುವ ಗಿರಾಕಿ ಅಲ್ಲ.

ಎಲ್ಲ ಅಲಗೂ ಕಾಣದಿದ್ದರೆ ಒಂದು ಉಪಾಯ ಇದೆ. ಕಾಣುವ ಒಂದು ಅಲಗಿನ ನೇರ ಎದುರಿಗೆ, ಒಂದೇ ಗೆರೆಯಲ್ಲಿ, ಇನ್ನೊಂದು ಅಲಗು ಇದೆಯಾ? ಇದ್ದರೆ ನಾಲ್ಕು (ತೀರಾ ಹಳೆಯದಾದರೆ ಎರಡು). ಮೂರು ಮತ್ತು ಐದರಲ್ಲಿ ಯಾವ ಅಲಗಿಗೂ ನೇರ ಎದುರು ಜೋಡಿ ಇರುವುದಿಲ್ಲ. ಎದುರಿನಿಂದ ತೆಗೆದ ಫೋಟೋ ಆದರೆ ಕೋನ ಅಳೆಯಿರಿ, ಮೂರಕ್ಕೆ 120 ಡಿಗ್ರಿ, ಐದಕ್ಕೆ 72. ಸುಮ್ನೆ ಬೆರಳು ಅಗಲಿಸಿ ನೋಡಿದರೂ ವ್ಯತ್ಯಾಸ ತಿಳಿಯುತ್ತದೆ.

ಇನ್ನೊಂದು ಸೂಕ್ಷ್ಮ. ಪೈಲಟ್ ಸೀಟಿನಿಂದ ನೋಡಿದರೆ ಮರ್ಲಿನ್‌ನ ಪ್ರೊಪೆಲ್ಲರ್ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗುತ್ತದೆ, ಗ್ರಿಫನ್‌ನದ್ದು ಅದಕ್ಕೆ ಉಲ್ಟಾ. ನಿಂತ ಪ್ರೊಪೆಲ್ಲರ್‌ನಲ್ಲೂ ಅಲಗಿನ ಓರೆ ಅದನ್ನು ಹೇಳುತ್ತದೆ. ಎದುರು ನಿಂತು ಮೇಲ್ಮುಖ ಅಲಗನ್ನು ನೋಡಿ. ನಿಮ್ಮ ಕಡೆಗೆ ಚಾಚಿದ ಅಂಚು ಎಡಕ್ಕಿದ್ದರೆ ಮರ್ಲಿನ್, ಬಲಕ್ಕಿದ್ದರೆ ಗ್ರಿಫನ್. ಇದೆಲ್ಲ ಪ್ರಿಂಟ್ ಸರಿ ಮಗ್ಗುಲಲ್ಲಿದ್ದರೆ ಮಾತ್ರ. ಉಲ್ಟಾ ಪ್ರಿಂಟಿನಲ್ಲಿ ಮರ್ಲಿನ್ ಕೂಡ ಗ್ರಿಫನ್ ಆಗಿಬಿಡುತ್ತದೆ. ಅದಕ್ಕೇ ಮೊದಲು ಅಂಗಿಯ ಗುಂಡಿ ನೋಡಿ ಎಂದದ್ದು.

ಮೂತಿ

ಸರಿಯಾಗಿ ಪಕ್ಕದಿಂದ ತೆಗೆದ ಫೋಟೋ ಇದ್ದರೆ ಮೂತಿಯ ಉದ್ದ ಹೇಳುತ್ತದೆ. ಮಾರ್ಕ್ 5ರ ಒಟ್ಟು ಉದ್ದ ಸುಮಾರು 30 ಅಡಿ, 9ರದ್ದು ಸುಮಾರು 31, 14ರದ್ದು 32 ಅಡಿ 8 ಇಂಚು. ಹೆಚ್ಚಿದ್ದು ಮುಖ್ಯವಾಗಿ ಮೂತಿಯಲ್ಲೇ. ಓರೆ ಫೋಟೋದಲ್ಲಿ ಇದನ್ನು ಅಳೆಯಲು ಹೋಗಬೇಡಿ. ಹತ್ತಿರದ್ದು ದೊಡ್ಡದಾಗಿ ಕಾಣುತ್ತದೆ. ಮುಂದೆ ನಿಂತ ಭಾವ ಹಿಂದೆ ನಿಂತ ಅಣ್ಣನಿಗಿಂತ ಎತ್ತರ ಬಂದ ಗ್ರೂಪ್ ಫೋಟೋಗಳಿಗೆ ನಾನು ಎಷ್ಟು ಬೈಸಿಕೊಂಡಿಲ್ಲ!

ಹೊಗೆ ಕೊಳವೆಗಳನ್ನು ಎಣಿಸಿ. ಮಾರ್ಕ್ 1, 2ರಲ್ಲಿ ಒಂದು ಬದಿಗೆ ಮೂರು. ಮಾರ್ಕ್ 5ರಲ್ಲಿ ಹೆಚ್ಚಾಗಿ ಮೂರು, ಕೊನೆಕೊನೆಗೆ ಆರೂ ಉಂಟು. 8, 9ರಲ್ಲಿ ಆರು. ಗ್ರಿಫನ್ ಆದರೆ ಮೂತಿಯ ಮೇಲ್ಭಾಗದಲ್ಲಿ, ಎಡಕ್ಕೊಂದು ಬಲಕ್ಕೊಂದು, ಉದ್ದನೆಯ ಉಬ್ಬು ಕಾಣುತ್ತದೆ. ಆ ಎಂಜಿನ್‌ನ ತಲೆ ಹಳೆ ಮುಚ್ಚಳದೊಳಗೆ ಹಿಡಿಯದೆ ಆದದ್ದು.

ಭಾರತಕ್ಕೆ ಬಂದ ಮಾರ್ಕ್ 5ಗಳಿಗೆ ಧೂಳು ತಡೆಯುವ ವೋಕ್ಸ್ ಫಿಲ್ಟರ್ ಇರುತ್ತಿತ್ತು. ಮೂತಿಯ ಕೆಳಗೆ ದೊಡ್ಡ ಜೋಲು ಗಲ್ಲ. ಚೆಲುವೆಗೆ ಗದ್ದಕಟ್ಟು ಆದ ಹಾಗೆ. ಒಮ್ಮೆ ನೋಡಿದರೆ ಮರೆಯುವುದಿಲ್ಲ. ಮಾರ್ಕ್ 8ರಲ್ಲಿ ಈ ಗಲ್ಲ ಇಲ್ಲ, ಫಿಲ್ಟರ್ ಸಪೂರ ಕೊಳವೆಯಾಗಿ ಹೊಟ್ಟೆಗೆ ಅಂಟಿಕೊಂಡು ಮುಂದಕ್ಕೆ ಬಂದಿದೆ.

ಬಾಲದ ಚಕ್ರ, ನಾನು ಎಡವಿದ ಜಾಗ

ನಾಲ್ಕು ಅಲಗು, ಕೆಳಗೆ ಎರಡು ಡಬ್ಬ, ಆರು ಕೊಳವೆ. ಇಲ್ಲಿಗೆ ಬಂದು ಮಾರ್ಕ್ 9 ಎಂದು ಬರೆಯುವವರು ನಾನೊಬ್ಬನೇ ಅಲ್ಲ. 8ಕ್ಕೂ ಇದಿಷ್ಟೂ ಹಾಗೇ ಇದೆ. ಇವೆರಡನ್ನು ಬೇರೆ ಮಾಡುವುದು ಹಿಂದಿನ ಪುಟ್ಟ ಚಕ್ರ. ಮಾರ್ಕ್ 9ರಲ್ಲಿ ಅದು ಯಾವಾಗಲೂ ಹೊರಗೇ ನೇತಾಡುತ್ತದೆ. ಮಾರ್ಕ್ 8ರಲ್ಲಿ ಒಳಕ್ಕೆ ಮಡಚುತ್ತದೆ, ನೆಲದಲ್ಲಿ ನಿಂತಾಗ ಅದರ ಎರಡು ಬದಿಗೂ ಕಿವಿಯ ಹಾಗೆ ಪುಟ್ಟ ಬಾಗಿಲು ಇಳಿಬಿದ್ದಿರುತ್ತದೆ. 14ರಲ್ಲೂ ಹೀಗೇ, ಅದರ ಮೈ 8ರಿಂದಲೇ ಬಂದದ್ದು.

ನಾನು 9 ಎಂದು ಬರೆದ ಫೋಟೋದಲ್ಲಿ ಬಾಲವೇ ಇರಲಿಲ್ಲ. ಫ್ರೇಮಿನಿಂದ ಹೊರಗೆ. ಆದರೆ ಆಲ್ಬಮ್ಮಿನ ಮೂರನೇ ಫೋಟೋದಲ್ಲಿ ಮೂರು ಜನ ಬಾಲದ ಮೇಲೆ ಕೈ ಊರಿ ನಿಂತಿದ್ದಾರೆ. ಎರಡೂ ಒಂದೇ ವಿಮಾನವಾ? ಎರಡರಲ್ಲೂ ಮೈಮೇಲಿನ ದೊಡ್ಡ ಅಕ್ಷರ 'ಕೆ'. ಅಷ್ಟೇ ಆದರೆ ಬೇರೆ ಸ್ಕ್ವಾಡ್ರನ್ನಿನ ಕೆ ಕೂಡ ಇರಬಹುದು. ಲೂಪ್ (ಕಣ್ಣಿಗೆ ಹಿಡಿಯುವ ಭೂತಗನ್ನಡಿ) ಹಿಡಿದು ನೋಡಿದೆ. ಅಕ್ಷರದ ಬುಡದಲ್ಲಿ ಬಣ್ಣ ಕಿತ್ತುಹೋಗಿ ಗೇರುಬೀಜದ ಆಕಾರದ ಕಲೆ, ಎರಡು ಫೋಟೋದಲ್ಲೂ ಅದೇ ಜಾಗದಲ್ಲಿ, ಅದೇ ಓರೆಯಲ್ಲಿ. ಮೂರನೆಯದರಲ್ಲಿ ಚಕ್ರದ ಪಕ್ಕ ಒಂದು ಬಾಗಿಲು ಚೆನ್ನಾಗಿ ಕಾಣುತ್ತಿತ್ತು, ಇನ್ನೊಂದರ ಅಂಚು ಮಾತ್ರ.

ಊರಿನ ಕೃಷಿಕರು ಬೇಲಿಯಾಚೆಯಿಂದಲೇ ಅಡಿಕೆ ಮರ ನೋಡಿ ಮಂಗಳವೋ ಊರಿನ ತಳಿಯೋ ಎಂದು ಹೇಳುತ್ತಾರೆ. ಹೇಗೆ ಎಂದು ಕೇಳಿದರೆ "ನೋಡಿದರೆ ಗೊತ್ತಾಗ್ತದೆ" ಎನ್ನುತ್ತಾರೆ. ಅವರಿಗೆ ಸಾವಿರ ಮರ ನೋಡಿದ ಕಣ್ಣಿದೆ. ನಮಗೆ ಸಿಗುವುದು ಏಳು ಫೋಟೋ. ಅಂದಾಜಿನಲ್ಲಿ ಹೇಳುವ ಅಧಿಕಾರ ನಮಗಿಲ್ಲ, ಇಂಥ ಫೋಟೋದಲ್ಲಿ ಇಂಥದ್ದು ಕಂಡಿತು ಎಂದು ಬೆರಳಿಟ್ಟು ತೋರಿಸಬೇಕು.

ಬಂದೂಕು, ರೆಕ್ಕೆಯ ತುದಿ

ಮಾರ್ಕ್ ನಂಬರಿನ ಪಕ್ಕದಲ್ಲಿ ಬರುವ ಎ, ಬಿ, ಸಿ, ಇ ಅಕ್ಷರಗಳು ರೆಕ್ಕೆಯ ಬಂದೂಕಿನ ಲೆಕ್ಕ. 'ಎ' ಎಂದರೆ ಎಂಟು ಮೆಷಿನ್‌ಗನ್, ಕೊಳವೆ ಹೊರಗೆ ಚಾಚಿರುವುದಿಲ್ಲ. 'ಬಿ'ಯಲ್ಲಿ 20 ಮಿಲಿಮೀಟರಿನ ಎರಡು ಕ್ಯಾನನ್, ನಾಲ್ಕು ಮೆಷಿನ್‌ಗನ್. 'ಸಿ' ಮತ್ತು 'ಇ'ಯಲ್ಲಿ ಒಂದೊಂದು ರೆಕ್ಕೆಗೆ ಅಕ್ಕಪಕ್ಕ ಎರಡು ಮೋಟು ಕಾಣುತ್ತವೆ. ಸಿ ಆದರೆ ಸಾಮಾನ್ಯವಾಗಿ ಉದ್ದ ಕ್ಯಾನನ್ ಒಳಗಡೆ, ಅದರ ಹೊರಗಡೆ ಮುಚ್ಚಿದ ಮೋಟು. ಇ ಆದರೆ ಕ್ಯಾನನ್ ಹೊರಗಡೆ, ಒಳಗಡೆ ಸಪೂರ ಮೆಷಿನ್‌ಗನ್.

ರೆಕ್ಕೆಯ ತುದಿ, ರಡ್ಡರ್‌ನ (ಬಾಲದ ಚುಕ್ಕಾಣಿಯ) ಆಕಾರ ಇವನ್ನು ನಾನು ಕೊನೆಗೆ ನೋಡುತ್ತೇನೆ. ತುದಿಯನ್ನು ಬಿಚ್ಚಿ ಮೊಂಡು ಮಾಡಬಹುದಿತ್ತು. ಚೂಪು ರಡ್ಡರ್ 8ರಲ್ಲೂ ಇದೆ, ತಡವಾಗಿ ಬಂದ 9ರಲ್ಲೂ ಇದೆ.

ಬಣ್ಣ ಮೋಸ ಮಾಡುತ್ತದೆ

ಇದು ನನ್ನ ಕ್ಷೇತ್ರ, ಸ್ವಲ್ಪ ಕೊಚ್ಚಿಕೊಳ್ಳುತ್ತೇನೆ. ಆ ಕಾಲದಲ್ಲಿ ಎರಡು ಬಗೆಯ ಕಪ್ಪು ಬಿಳುಪು ಫಿಲ್ಮ್ ಇತ್ತು. ಆರ್ಥೋ ಫಿಲ್ಮಿಗೆ ಕೆಂಪು ಕಾಣುವುದಿಲ್ಲ. ಅದಕ್ಕೇ ಡಾರ್ಕ್‌ರೂಮಿನಲ್ಲಿ ಕೆಂಪು ದೀಪ ಹಾಕಿ ಅದನ್ನು ತೊಳೆಯಬಹುದಿತ್ತು. ಅದರಲ್ಲಿ ಕೆಂಪು ಕಪ್ಪಾಗುತ್ತದೆ, ಹಳದಿಯೂ ಕಪ್ಪಿಗೆ ಬರುತ್ತದೆ, ನೀಲಿ ಬಿಳಿಚಿಕೊಳ್ಳುತ್ತದೆ. ಪ್ಯಾಂಕ್ರೋ ಫಿಲ್ಮಿಗೆ ಎಲ್ಲ ಬಣ್ಣವೂ ಕಾಣುತ್ತದೆ, ಹಳದಿ ತೆಳುವಾಗಿಯೇ ಬರುತ್ತದೆ. ಬ್ರಿಟಿಷ್ ವಿಮಾನದ ಮೈಪಕ್ಕದಲ್ಲಿ ಬಳಿದ ಗುರುತಿನ ವೃತ್ತಕ್ಕೆ ಹಳದಿ ಅಂಚು ಇರುತ್ತಿತ್ತು. ಒಂದು ಫೋಟೋದಲ್ಲಿ ಅದು ಕಪ್ಪು ಬಳೆ, ಇನ್ನೊಂದರಲ್ಲಿ ಬಿಳಿ ಬಳೆ. ಎರಡು ಬೇರೆ ವಿಮಾನ ಎಂದುಕೊಳ್ಳಬೇಡಿ.

ಬರ್ಮಾ ಕಡೆಯ ವಿಮಾನಗಳಲ್ಲಿ ವೃತ್ತದೊಳಗಿನ ಕೆಂಪನ್ನೇ ತೆಗೆದುಬಿಟ್ಟಿದ್ದರು. ಜಪಾನಿನ ಕೆಂಪು ಸೂರ್ಯ ಎಂದು ತಿಳಿದು ನಮ್ಮವರೇ ಗುಂಡು ಹೊಡೆಯಬಾರದಲ್ಲ. ಗಾಢ ನೀಲಿಯೊಳಗೆ ತೆಳು ನೀಲಿ, ಫೋಟೋದಲ್ಲಿ ನಡುವೆ ಬಿಳಿ ಚುಕ್ಕೆಯ ಹಾಗೆ ಬರುತ್ತದೆ. ಯುದ್ಧದ ಕೊನೆಗೆ ರೆಕ್ಕೆಗೂ ಬಾಲಕ್ಕೂ ಅಗಲ ಬಿಳಿ ಪಟ್ಟಿ ಬಳಿದರು. ಇದು ಮಾರ್ಕ್ ಹೇಳುವುದಿಲ್ಲ, ಊರು ಹೇಳುತ್ತದೆ. ಬರ್ಮಾ ಕಡೆ ಹೋರಾಡಿದ್ದು ಮುಖ್ಯವಾಗಿ ಮಾರ್ಕ್ 5 ಮತ್ತು 8. ಇದನ್ನು ಮೊದಲೇ ಯೋಚಿಸಿದ್ದರೆ 9 ಎಂದು ಬರೆಯುವ ಮುಂಚೆ ನನ್ನ ಕೈ ತಡೆಯುತ್ತಿತ್ತು.

ನಂಬರ್ ಸಿಕ್ಕಿದರೆ

ಬಾಲದ ಹತ್ತಿರ ಸಾಮಾನ್ಯವಾಗಿ ಎರಡು ಅಕ್ಷರ ಮೂರು ಅಂಕಿಯ (ತೀರಾ ಹಳೆಯವಕ್ಕೆ ಒಂದು ಅಕ್ಷರ ನಾಲ್ಕು ಅಂಕಿಯ) ಸೀರಿಯಲ್ ನಂಬರ್ ಇರುತ್ತದೆ. ಪೂರ್ತಿ ಓದಲು ಬಂದರೆ ಇಷ್ಟೆಲ್ಲ ಸರ್ಕಸ್ ಬೇಡ, ಯಾವ ನಂಬರ್ ಯಾವ ಮಾರ್ಕ್ ಎಂಬ ಪಟ್ಟಿಗಳಿವೆ. ಅಕ್ಷರ ಮಾತ್ರ ಸಿಕ್ಕರೆ ಸಾಲದು. ನಮ್ಮ ವಾಯುಪಡೆ ಉಳಿಸಿಕೊಂಡಿರುವ ಎನ್‌ಎಚ್ 631 ಮಾರ್ಕ್ 8. ಎನ್‌ಎಚ್ 749 ಮಾರ್ಕ್ 14.

ನಂಬರಿಲ್ಲದೆ ಬಿಡಿಸಲಾಗದ ಗಂಟುಗಳೂ ಇವೆ. ತಡವಾಗಿ ಬಂದ 9 ಮತ್ತು 16 ಹೊರಗಿನಿಂದ ಒಂದೇ, 16ರ ಒಳಗಿರುವುದು ಅಮೆರಿಕದಲ್ಲಿ ಪ್ಯಾಕಾರ್ಡ್ ಕಂಪನಿ ಮಾಡಿದ ಮರ್ಲಿನ್, ಅಷ್ಟೇ. ಗುಳ್ಳೆಯಂಥ ಗಾಜಿನ ಮುಚ್ಚಳದ 14 ಮತ್ತು 18 ಕೂಡ ಹಾಗೇ. 18ರ ರೆಕ್ಕೆ ಗಟ್ಟಿ, ಪೆಟ್ರೋಲ್ ಜಾಸ್ತಿ, ಫೋಟೋದಲ್ಲಿ ಎರಡೂ ಕಾಣುವುದಿಲ್ಲ. ಅಂಥ ಕಡೆ "14 ಅಥವಾ 18" ಎಂದು ಬರೆದು ನಿಲ್ಲಿಸಿ.

ಅಕ್ಕನ ಫೋಟೋದ ಹಿಂದೆ ಬಾಲ್ ಪೆನ್ನಿನ 9ನ್ನು ಅಳಿಸಲು ಆಗಲಿಲ್ಲ. ಅದರ ಕೆಳಗೆ ಮೆತ್ತಗಿನ ಪೆನ್ಸಿಲ್‌ನಲ್ಲಿ ಬರೆದೆ: "ಮೇಲಿನದು ತಪ್ಪು. ಸ್ಪಿಟ್‌ಫೈರ್ ಮಾರ್ಕ್ 8. ಬಾಲದ ಚಕ್ರಕ್ಕೆ ಬಾಗಿಲು ಇದೆ, 3ನೇ ಫೋಟೋ ನೋಡಿ. ನಂಬರ್ ಓದಲು ಬರುವುದಿಲ್ಲ." ಉಳಿದವುಗಳಲ್ಲಿ ಎರಡು ಹರಿಕೇನ್. ಮತ್ತೆರಡರಲ್ಲಿ ನಾಲ್ಕು ಅಲಗು ಮಾತ್ರ ಸ್ಪಷ್ಟ, "8 ಅಥವಾ 9" ಎಂದು ಬರೆದೆ. ಏಳನೆಯದರಲ್ಲಿ ಒಂದು ನಾಯಿ ಮಲಗಿದೆ, ಅದರ ಹಿಂದೆ ಒಂದು ಚಕ್ರ, ಅಷ್ಟೇ.

"ಇದರ ಹಿಂದೆ ಏನು ಬರೆದೆ?" ಎಂದು ಅಕ್ಕ ತಿರುಗಿಸಿ ನೋಡಿದರು.

"ನಾಯಿ" ಎಂದು ಬರೆದಿದ್ದೆ.